ಹನ್ನೆರಡು ಜನಕ್ಕೆ ಒಂದು ಬೆರಳು

ಜೆಟ್ಟಿಯಲ್ಲಿ ಅವಳನ್ನು ಎಲ್ಲರೂ ಹಗ್ಗದಕ್ಕ ಎಂದೇ ಕರೆಯುತ್ತಿದ್ದರು. ಸಂಜೆಯ ಲಾಂಚ್ ದಡಕ್ಕೆ ಬಂದಾಗ ಹಗ್ಗ ಎಸೆದು ಗೂಟಕ್ಕೆ ಸುತ್ತುವವಳು ಅವಳು. ಹಲಗೆ ಹಾಸಿ ಪ್ರವಾಸಿಗರನ್ನು ಕೈಹಿಡಿದು ಹತ್ತಿಸಿ ಇಳಿಸುವವಳೂ ಅವಳೇ. ಹಳೆಯ ಊರನ್ನು ನೋಡಲು ಬಂದವರು ಎರಡು ಗಂಟೆ ನದಿಯ ಮೇಲೆ ಸುತ್ತಿ, ಟಂಕಸಾಲೆಯನ್ನೂ ಗಡಿಯಾರದ ಗೋಪುರವನ್ನೂ ರಾಣಿಯ ಸ್ನಾನದ ಮೆಟ್ಟಿಲುಗಳನ್ನೂ ನೀರಿನಿಂದಲೇ ಕಂಡು ಹಿಂತಿರುಗುವಾಗ ಅವರಿಗೆ ನೆನಪಿರುತ್ತಿದ್ದುದು ಅವಳ ಒರಟು ಅಂಗೈ ಮತ್ತು "ನಿಧಾನ, ನಿಧಾನ, ನದಿ ಎಲ್ಲೂ ಓಡಿಹೋಗಲ್ಲ" ಎಂಬ ಮಾತು. ಹತ್ತು ವರ್ಷದಿಂದ ಹೀಗೇ ನಡೆದಿತ್ತು.

ಆ ಸಂಜೆ ಮಾತ್ರ ಹಗ್ಗ ಬೇರೆಯವರ ಕೈಯಲ್ಲಿತ್ತು, ಚುಕ್ಕಾಣಿ ಅವಳ ಕೈಯಲ್ಲಿತ್ತು.

ಲಾಂಚ್ ನಡೆಸುವ ಲೈಸೆನ್ಸಿಗೆ ಅವಳು ಪರೀಕ್ಷೆ ಕೊಡುತ್ತಿದ್ದುದು ಇದು ಮೂರನೆಯ ಸಲ. ಮೂರಕ್ಕಿಂತ ಹೆಚ್ಚು ಅವಕಾಶವಿಲ್ಲವೆಂದು ನಿಯಮ. ಮೂವತ್ತೊಂದು ವರ್ಷ ಈ ಲಾಂಚನ್ನು ನಡೆಸಿದ ಅವಳ ಮಾವ ಮುಂದಿನ ತಿಂಗಳು ನಿವೃತ್ತರಾಗುವವರಿದ್ದರು. ಅವಳು ಪಾಸಾದರೆ ಆ ಜಾಗ ಅವಳದು. ಇಲ್ಲವಾದರೆ ಹೊರಗಿನಿಂದ ಯಾರೋ ಬರುತ್ತಾರೆ, ಬರುವವರು ಹಗ್ಗಕ್ಕೂ ತಮ್ಮವರನ್ನೇ ಕರೆತರುತ್ತಾರೆ. ಅಲ್ಲಿಗೆ ಆ ಮನೆಗೂ ನದಿಗೂ ಇದ್ದ ನಂಟು ಮುಗಿದಂತೆ.

ಹಿಂದಿನ ಎರಡು ಸಲವೂ ಅವಳನ್ನು ಕೆಡಿಸಿದ್ದು ಅವಳ ಅಭ್ಯಾಸ. ಮೊದಲ ಸಲ ಎಲ್ಲವೂ ಚೆನ್ನಾಗಿ ಆಗಿತ್ತು. ಕೊನೆಗೆ ದಡಕ್ಕೆ ಹತ್ತಿರವಾಗುವಾಗ ಹಗ್ಗ ಹಿಡಿದವನು ತಡವರಿಸಿದ. ಇವಳು ಚುಕ್ಕಾಣಿ ಬಿಟ್ಟು ಒಂದೇ ನೆಗೆತಕ್ಕೆ ಹೊರಬಂದು ತಾನೇ ಹಗ್ಗ ಎಸೆದುಬಿಟ್ಟಳು. ಎರಡನೆಯ ಸಲ ಯಾರೋ ಕಂಬಿಯ ಮೇಲೆ ಕುಳಿತದ್ದು ಕಣ್ಣಿಗೆ ಬಿದ್ದು, ಕಿಟಕಿಯಿಂದ ಅರ್ಧ ಮೈ ಹೊರಹಾಕಿ "ಏ, ಇಳಿಯಪ್ಪಾ ಕೆಳಗೆ!" ಎಂದು ಕೂಗುವಷ್ಟರಲ್ಲಿ ಲಾಂಚ್ ದಾರಿ ತಪ್ಪಿತ್ತು. ಈ ಸಲ ಮನೆಯಿಂದ ಹೊರಡುವಾಗ ಮಗಳ ಎದುರೇ ಅತ್ತೆ, "ನಿನ್ನ ತಲೆ ಸರಿಯಾಗೇ ಇದೆ. ಕೈಗೆ ಸ್ವಲ್ಪ ಬುದ್ಧಿ ಹೇಳು" ಎಂದಿದ್ದರು.

ಅವಳು ಹುಟ್ಟಿದ ಹಳ್ಳಿಯಲ್ಲಿ ನದಿಯೇ ಇರಲಿಲ್ಲ. ನೀರೆಂದರೆ ಬಾವಿಯ ತಳದಲ್ಲಿ ಕಾಣುವ ತಟ್ಟೆಯಗಲದ ಹೊಳಪು. ಮದುವೆಯಾಗಿ ಬಂದ ಮೊದಲ ವಾರ ಮಾವನಿಗೆ ಊಟದ ಡಬ್ಬಿ ಕೊಡಲು ಜೆಟ್ಟಿಗೆ ಬಂದವಳು ಹಲಗೆಯ ಮೇಲೆ ಒಂದು ಹೆಜ್ಜೆ ಇಟ್ಟಳು. ಹಲಗೆ ಅಲುಗಿದ್ದೇ ತಡ, ಡಬ್ಬಿಯನ್ನು ಅಲ್ಲೇ ಇಟ್ಟು ಓಡಿದ್ದಳು. ಇಂಜಿನ್ ನೋಡಿಕೊಳ್ಳುವವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮೈಯಿಂದ ಸದಾ ಬರುವ ವಾಸನೆಯಿಂದಾಗಿ ಅವನಿಗೆ ಡೀಸೆಲ್ ಎಂದೇ ಹೆಸರು ಬಿದ್ದಿತ್ತು. ಗಂಡನಿಗೆ ಲೇತ್ ಕಾರ್ಖಾನೆಯಲ್ಲಿ ಕೆಲಸ. ಲಾಂಚ್ ಹತ್ತಿದರೆ ಅವನಿಗೆ ವಾಂತಿ. ಹೀಗಾಗಿ ಟಿಕೆಟ್ ಕಿಟಕಿಯಲ್ಲಿ ಜನ ಬೇಕಾದಾಗ ಮಾವ ಸೊಸೆಯನ್ನು ಕರೆದರು. ಕಿಟಕಿಯಿಂದ ಅವಳು ಹಲಗೆಗೆ ಬಂದಳು, ಹಲಗೆಯಿಂದ ಹಗ್ಗಕ್ಕೆ.

ಆರು ವರ್ಷದ ಹಿಂದೆ ಮಾವ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಬೆಳಿಗ್ಗೆ ಇಂಧನ ತುಂಬಿಸಲು ಖಾಲಿ ಲಾಂಚನ್ನು ಪಕ್ಕದ ಜೆಟ್ಟಿಗೆ ಒಯ್ಯಬೇಕಿತ್ತು. "ನಾನು ಹೇಳ್ತೀನಿ, ನೀನು ತಿರುಗಿಸು" ಎಂದರು. ಹೇಳುವುದು ದಿನೇ ದಿನೇ ಕಡಿಮೆಯಾಯಿತು. ಮಣಿಕಟ್ಟು ಕೂಡಿಕೊಂಡ ಮೇಲೂ ಮಾವ ಬೆಳಗಿನ ಹೊತ್ತು ಚುಕ್ಕಾಣಿಯನ್ನು ವಾಪಸು ಕೇಳಲಿಲ್ಲ.

ಅವರು ಕಲಿಸಿದ್ದರಲ್ಲೆಲ್ಲ ದೊಡ್ಡದು ಹಳೆಯ ಸೇತುವೆಯ ಲೆಕ್ಕ. ಜೆಟ್ಟಿಗೂ ಮೇಲಿನ ಕೋಟೆಗೂ ನಡುವೆ ಐದು ಕಮಾನಿನ ಕಲ್ಲಿನ ಸೇತುವೆಯಿದೆ. ರಾಜರ ಕಾಲದ್ದು, ತುಂಬ ತಗ್ಗು. ನಡುವಿನ ಕಮಾನಿನ ಕೆಳಗೆ ಲಾಂಚಿನ ಕ್ಯಾಬಿನ್ ಸೂರು ಹಾಯಲು ಬೆರಳೆಣಿಕೆಯ ಜಾಗ. ಆ ಕಲ್ಲಿಗೆ ಒಂದು ಗೀರು ಬಿದ್ದರೂ ಲೈಸೆನ್ಸ್ ಹೋಯಿತು.

"ಖಾಲಿ ಲಾಂಚ್ ಮೇಲೇಳುತ್ತೆ, ಜನ ತುಂಬಿದ್ರೆ ಕೂರುತ್ತೆ. ಹನ್ನೆರಡು ಜನಕ್ಕೆ ಒಂದು ಬೆರಳು. ನೀರು ಏರಿದ ದಿನ ನಾವು ಪ್ರವಾಸಿಗರನ್ನ ಸೇತುವೆ ದಾಟಿಸಲ್ಲ ಮಗಳೇ, ಅವರೇ ನಮ್ಮನ್ನ ದಾಟಿಸೋದು" ಎಂದಿದ್ದರು ಮಾವ.

"ಒಳಗೆ ನೀರು ತುಂಬಿಸಿದ್ರೂ ಇಳಿಯುತ್ತಲ್ಲ ಮಾವ?"

"ಒಳಗಿನ ನೀರು ಓಡಾಡುತ್ತೆ, ಲಾಂಚ್ ಒಂದು ಕಡೆ ವಾಲುತ್ತೆ. ಜನಕ್ಕಾದ್ರೆ ಸುಮ್ಮನೆ ಕೂತ್ಕೊಳ್ಳಿ ಅನ್ನಬಹುದು."

ಪರೀಕ್ಷೆಯ ಸಂಜೆ ಐದೂವರೆಗೆ ಲಾಂಚ್ ಹೊರಟಿತು. ಪರೀಕ್ಷಕರು ಕ್ಯಾಬಿನ್ನಿನ ಹಿಂಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಸಣಕಲು ಮನುಷ್ಯ, ಕೈಯಲ್ಲಿ ಪೆನ್ಸಿಲು. "ಕೋಟೆವರೆಗೆ ಹೋಗಿ, ಏಳೂವರೆಯೊಳಗೆ ಇಲ್ಲಿಗೆ ವಾಪಸು. ಯಾವುದಕ್ಕೂ ತಾಗಬಾರದು. ಫೋನ್ ಇಟ್ಕೋಬಾರದು" ಎಂದವರು ಮತ್ತೆ ಬಾಯಿ ತೆರೆಯಲಿಲ್ಲ. ಫೋನನ್ನು ಅವಳು ದಡದಲ್ಲಿ ಮಾವನ ಕೈಗೆ ಕೊಟ್ಟಿದ್ದಳು. ಹಗ್ಗ ಮತ್ತು ಇಂಜಿನ್ ಎರಡೂ ಡೀಸೆಲ್ ಪಾಲಿಗೆ.

ಪ್ರಯಾಣಿಕರು ಐವತ್ತೆಂಟು ಜನ ನಿವೃತ್ತ ಮೇಷ್ಟ್ರುಗಳು, ಮೇಡಂಗಳು. ಎಲ್ಲರೂ ಒಂದೇ ಊರಿನ ಶಾಲೆಗಳವರು. ಅವರ ಮುಖಂಡರು ಒಬ್ಬ ಹೆಡ್‌ಮಿಸ್. ಶಾಲೆ ಬಿಟ್ಟು ಹದಿನಾಲ್ಕು ವರ್ಷವಾದರೂ ಅವರು ಚಪ್ಪಾಳೆ ತಟ್ಟಿದರೆ ಎಪ್ಪತ್ತು ದಾಟಿದ ಗಂಡಸರು ಕೂಡ ಸಾಲಾಗಿ ನಿಲ್ಲುತ್ತಿದ್ದರು. ನಡುವಿನ ಕಮಾನನ್ನು ಅವಳು ಹೂವು ಎತ್ತಿದಷ್ಟು ಹಗುರವಾಗಿ ದಾಟಿಸಿದಳು. ಸೂರಿಗೂ ಕಲ್ಲಿಗೂ ಎರಡು ಬೆರಳು ಉಳಿಯಿತು. ಹಿಂದೆ ಪೆನ್ಸಿಲ್ ಗೀಚಿದ ಸದ್ದಾಯಿತು.

ಸೇತುವೆ ದಾಟಿದ ಮೇಲೆ ಒಂದು ವಿಚಿತ್ರ ಶುರುವಾಯಿತು. ಲಾಂಚಿನಲ್ಲಿ ಊರಿನ ಕಥೆ ಹೇಳುವುದು ಒಂದು ಧ್ವನಿಮುದ್ರಿಕೆ. ಅದು ತನ್ನ ಪಾಡಿಗೆ ಓಡುತ್ತದೆ; ಅದರ ವೇಗಕ್ಕೆ ಸರಿಯಾಗಿ ಲಾಂಚ್ ಸಾಗಬೇಕು. ಇಂದು ಅದು ಮುಂದೆ ಮುಂದೆ ಹೋಗುತ್ತಿತ್ತು.

"ನಿಮ್ಮ ಬಲಕ್ಕೆ ಕಾಣುತ್ತಿರುವುದು ರಾಣಿಯ ಸ್ನಾನದ ಮೆಟ್ಟಿಲುಗಳು" ಎಂದಿತು ಧ್ವನಿ.

ಬಲಕ್ಕೆ ಇದ್ದುದು ಐಸ್ ಕಾರ್ಖಾನೆ.

"ರಾಣಿಗೆ ತಣ್ಣೀರೇ ಇಷ್ಟ ಅಂತ ಕಾಣುತ್ತೆ" ಎಂದರು ವಿಜ್ಞಾನದ ಮೇಷ್ಟ್ರು. ಇಡೀ ಲಾಂಚ್ ನಕ್ಕಿತು.

ಅವಳಿಗೆ ನಗು ಬರಲಿಲ್ಲ. ನಡುವೆ ಎಲ್ಲೂ ನಿಲ್ಲಿಸದೆ ಬಂದರೂ ಧ್ವನಿಗಿಂತ ಹಿಂದೆ ಬಿದ್ದಿದ್ದೇವೆಂದರೆ ಎದುರು ನೀರಿನ ಸೆಳೆತ ಹೆಚ್ಚಾಗಿದೆ ಎಂದರ್ಥ. ಮೇಲಿನ ಅಣೆಕಟ್ಟೆಯ ಬಾಗಿಲು ತೆರೆದಿರಬೇಕು. ತೆರೆಯುವ ಮೊದಲು ಫೋನಿಗೆ ಸಂದೇಶ ಬರುತ್ತದೆ. ಫೋನು ಮಾವನ ಕಿಸೆಯಲ್ಲಿತ್ತು. ಕೋಟೆಯಲ್ಲಿ ನಿಂತ ಮೇಲೆ ನೀರಿನ ಗುರುತು ನೋಡಬೇಕು ಎಂದುಕೊಂಡಳು.

ಕೋಟೆಯ ಮೆಟ್ಟಿಲ ಬಳಿ ಲಾಂಚ್ ಬಂದಾಗ ಆರೂಕಾಲು. ಡೀಸೆಲ್ ಹಗ್ಗ ಎಸೆದ. ಅವಳ ಕೈ ಮಿಸುಕಲಿಲ್ಲ. ಚುಕ್ಕಾಣಿಯನ್ನು ಗಟ್ಟಿಯಾಗಿ ಹಿಡಿದು ನಿಂತಳು. ಹಗ್ಗ ಬಿಗಿಯಾಯಿತು, ಇಂಜಿನ್ ನಿಂತಿತು. ಕೈಯನ್ನು ಗೆದ್ದೆನೆಂದು ಉಸಿರುಬಿಟ್ಟಳು. ಅಷ್ಟರಲ್ಲಿ ಹೆಡ್‌ಮಿಸ್ ಎದ್ದು, "ನಾವಿಲ್ಲೇ ಇಳಿತೀವಮ್ಮಾ. ಏಳಕ್ಕೆ ಕೋಟೆ ಮೇಲೆ ದೀಪದ ಪ್ರದರ್ಶನ. ಬಸ್ಸು ಆ ಕಡೆಯಿಂದ ಬರುತ್ತೆ, ಲಾಂಚಿಗೆ ವಾಪಸು ಬರಲ್ಲ" ಎಂದರು.

ಪ್ರಯಾಣಿಕರು ಇಳಿಯುತ್ತೇವೆ ಎಂದರೆ ಹತ್ತು ವರ್ಷದಿಂದ ಅವಳು ಮಾಡುತ್ತಿದ್ದುದು ಒಂದೇ ಕೆಲಸ. ಕ್ಯಾಬಿನ್ನಿಂದ ಹೊರಬಂದು ಹಲಗೆ ಹಾಸಿದಳು. ಒಬ್ಬೊಬ್ಬರ ಕೈಹಿಡಿದು "ನಿಧಾನ, ನಿಧಾನ, ನದಿ ಎಲ್ಲೂ ಓಡಿಹೋಗಲ್ಲ" ಎನ್ನುತ್ತ ಐವತ್ತೆಂಟು ಜನರನ್ನೂ ದಡ ಸೇರಿಸಿದಳು. ಕೊನೆಯವರಿಗೆ ಕೈಬೀಸಿದಳು ಕೂಡ.

"ಅಕ್ಕಾ," ಡೀಸೆಲ್ ದನಿ ಹೇಗೋ ಆಗಿತ್ತು. "ಹಲಗೆ ಯಾಕೋ ಇಳಿಜಾರಾಗಿದೆ ನೋಡು."

ಹಲಗೆಯ ಲಾಂಚಿನ ಕಡೆಯ ತುದಿ ಮೇಲೆದ್ದಿತ್ತು. ಅವಳು ಮೆಟ್ಟಿಲ ಪಕ್ಕದ ಅಳತೆಯ ಕಂಬ ನೋಡಿದಳು. ಹೊರಟಾಗಿನ ನೀರಿಗಿಂತ ಒಂದು ಬೆರಳು ಏರಿತ್ತು. ಐವತ್ತೆಂಟು ಜನ ಇಳಿದದ್ದಕ್ಕೆ ಐದು ಬೆರಳು. ಒಟ್ಟು ಆರು. ಬರುವಾಗ ಉಳಿದಿದ್ದುದು ಎರಡು. ನಾಲ್ಕು ಬೆರಳು ಕಲ್ಲಿಗೆ ಹೊಡೆಯುತ್ತದೆ. ಲಾಂಚ್ ನಡೆಸುವವರು ಯಾರೂ ಗುರುತು ನೋಡದೆ ಭಾರ ಇಳಿಸುವುದಿಲ್ಲ. ಹಲಗೆ ಹಾಸುವವರು ಮಾತ್ರ ಇಳಿಸುತ್ತಾರೆ.

ಪರೀಕ್ಷಕರು ಕ್ಯಾಬಿನ್ ಬಾಗಿಲಲ್ಲಿ ನಿಂತಿದ್ದರು. "ಏನಾಯ್ತು?"

"ತಪ್ಪಾಯ್ತು ಸಾರ್. ನೀರು ನೋಡದೆ ಜನರನ್ನ ಇಳಿಸಿಬಿಟ್ಟೆ. ಈಗ ಸೇತುವೆ ಕೆಳಗೆ ಹೋಗಲ್ಲ."

"ಈಗ?"

ಈಗ ಏನು? ನೀರು ಇಳಿಯುವವರೆಗೆ ಲಾಂಚನ್ನು ಇಲ್ಲೇ ಕಟ್ಟಿ ಬಸ್ಸು ಹತ್ತಬಹುದು. ಬೆಳಿಗ್ಗೆ ಮಾವ ಬಂದು ಒಯ್ಯುತ್ತಾರೆ. ಯಾರಿಗೂ ಅಪಾಯವಿಲ್ಲ, ಲೈಸೆನ್ಸೂ ಇಲ್ಲ. "ಅರವತ್ತು ಜನ ಬೇಕು ಸಾರ್. ಕೇಳಿ ನೋಡ್ತೀನಿ" ಎಂದವಳೇ ಮೆಟ್ಟಿಲು ಹತ್ತಿದಳು.

ಮೇಷ್ಟ್ರುಗಳು ದೂರ ಹೋಗಿರಲಿಲ್ಲ. ಕೋಟೆಗೆ ನೂರ ಅರವತ್ತು ಮೆಟ್ಟಿಲು ಎಂದು ಬರೆದ ಫಲಕದ ಕೆಳಗೆ ಅರ್ಧ ಜನ ಕುಳಿತೇಬಿಟ್ಟಿದ್ದರು. ಒಬ್ಬರು ಮಂಡಿ ಒತ್ತಿಕೊಳ್ಳುತ್ತಿದ್ದರು, ಇನ್ನೊಬ್ಬರು ಫಲಕವನ್ನು ಮತ್ತೆ ಮತ್ತೆ ಓದುತ್ತಿದ್ದರು, ತಪ್ಪಿದ್ದರೆ ತಿದ್ದಲು ಕಾದವರಂತೆ.

"ಏನಮ್ಮಾ, ಏನಾದ್ರೂ ಮರೆತು ಬಂದ್ವಾ?" ಎಂದರು ಹೆಡ್‌ಮಿಸ್.

"ಮರೆತದ್ದು ನಾನು ಮೇಡಂ." ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು, ಸೇತುವೆ, ಬೆರಳು, ಮೂರನೆಯ ಪರೀಕ್ಷೆ, ತನ್ನ ತಪ್ಪು. "ನಿಮ್ಮ ಭಾರ ಇಲ್ಲದೆ ಲಾಂಚ್ ಮನೆಗೆ ಹೋಗಲ್ಲ. ದೀಪ ನೋಡೋಕೆ ಬಂದವರನ್ನ ಕರೆಯೋದು ಸರಿಯಲ್ಲ, ಗೊತ್ತು. ಆಗುವವರು ಬಂದ್ರೆ ಸಾಕು."

ವಿಜ್ಞಾನದ ಮೇಷ್ಟ್ರು ಕುಳಿತಲ್ಲಿಂದ ಜಿಗಿದೆದ್ದರು. "ನಲವತ್ತು ವರ್ಷ ಬಕೆಟ್ಟಲ್ಲಿ ಕಲ್ಲು ಮುಳುಗಿಸಿ ಇದೇ ಪಾಠ ಮಾಡಿದೀನಿ! ಇವತ್ತು ನಾನೇ ಕಲ್ಲು. ನಡೀರಿ!"

ಚಿತ್ರಕಲೆಯ ಮೇಡಂ ದಪ್ಪ ಆಸಾಮಿ. ಸೆರಗು ಸರಿಮಾಡಿಕೊಂಡು ಎದ್ದರು. "ನನ್ನ ತೂಕ ಬೇಕು ಅಂತ ಹುಡುಕ್ಕೊಂಡು ಬಂದವರು ಇವತ್ತೇ ಮೊದಲು. ನಮ್ಮ ಡಾಕ್ಟರಿಗೆ ಹೇಳ್ಬೇಕು."

"ನೀವೊಬ್ರು ಹೋದ್ರೆ ಸಾಲದಾ? ನಾವು ದೀಪ ನೋಡ್ತೀವಿ" ಎಂದರು ಗಣಿತದವರು.

"ಲೆಕ್ಕ ಹೇಳಿಕೊಟ್ಟಿದ್ದು ಸಾಕು. ನಿಮ್ಮ ಮಂಡಿಗೆ ನೂರ ಅರವತ್ತು ಮೆಟ್ಟಿಲು ಆಗುತ್ತಾ? ಮೊದಲು ಅದನ್ನ ಹೇಳಿ" ಎಂದರು ಚಿತ್ರಕಲೆಯ ಮೇಡಂ.

ಗಣಿತದವರು ಮೆಟ್ಟಿಲ ಕಡೆ ನೋಡಿ ಸುಮ್ಮನೆ ಲಾಂಚಿನ ಕಡೆ ತಿರುಗಿದರು. ಹೆಡ್‌ಮಿಸ್ ಚಪ್ಪಾಳೆ ತಟ್ಟಿದರು. ಹತ್ತಬಲ್ಲವರು ಒಂದು ಸಾಲು, ಮಂಡಿ ನೋವಿನವರು ಇನ್ನೊಂದು ಸಾಲು. ಇಪ್ಪತ್ತೆರಡು ಜನ ಮೇಲೆ ಹೋದರು. ಮೂವತ್ತಾರು ಜನ, ಹೇಗಪ್ಪಾ ಹತ್ತುವುದು ಎಂದು ಒಳಗೊಳಗೇ ಹೆದರಿದ್ದವರು, ಶಾಲೆ ಬೇಗ ಬಿಟ್ಟ ಮಕ್ಕಳ ಮುಖ ಹೊತ್ತು ಲಾಂಚಿಗೆ ಇಳಿದರು. ಹೆಡ್‌ಮಿಸ್ ಕೂಡ ಎರಡನೆಯ ಸಾಲಲ್ಲಿದ್ದರು. ಅವರ ಮಂಡಿಯ ವಿಷಯ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಮೂವತ್ತಾರಕ್ಕೆ ಮೂರು ಬೆರಳು. ಕಲ್ಲಿಗೆ ತಾಗದಂತೆ ಒಂದು ಬೆರಳು ಉಳಿಯಬೇಕೆಂದರೆ ಇನ್ನೂ ಎರಡು ಬೇಕು. ಕೋಟೆಯ ಗೋಡೆ ರಿಪೇರಿಯ ಕಲ್ಲುಕುಟಿಗರು ಕೆಲಸ ಮುಗಿಸಿ ಕೈಕಾಲು ತೊಳೆಯುತ್ತಿದ್ದರು, ಹತ್ತೊಂಬತ್ತು ಜನ. ಅವರ ಮೇಸ್ತ್ರಿಯನ್ನು ಅವಳು ಕೇಳಿದಳು.

"ಲಾಂಚಲ್ಲಿ ಬಿಟ್ಟಿ ಸವಾರೀನಾ?" ಮೇಸ್ತ್ರಿಗೆ ನಂಬಿಕೆ ಬರಲಿಲ್ಲ. "ಆರು ತಿಂಗಳಿಂದ ದಿನಾ ಅದನ್ನ ನೋಡ್ತಾ ಬಸ್ಸಿಗೆ ಓಡ್ತೀವಿ. ಮಧ್ಯ ನೀರಲ್ಲಿ ಇಳಿಸಿಬಿಡಲ್ಲ ತಾನೇ?"

"ನಿಮ್ಮನ್ನ ಇಳಿಸಿದ್ರೆ ನಾನೇ ಕೆಡ್ತೀನಣ್ಣಾ."

"ಚೀಲ ತರಬಹುದಾ? ಸುತ್ತಿಗೆ, ಉಳಿ ಎಲ್ಲ ಇದೆ. ಭಾರ ಇದೆ."

"ತನ್ನಿ, ತನ್ನಿ" ಎಂದಳು ಅವಳು. "ಭಾರ ಇದೆ" ಎಂಬುದು ಆ ಸಂಜೆ ಅವಳು ಕೇಳಿದ ಅತ್ಯಂತ ಸಿಹಿ ಮಾತು.

ಕಲ್ಲಿನ ಪುಡಿಯಿಂದ ಬೆಳ್ಳಗಾಗಿದ್ದ ಕಲ್ಲುಕುಟಿಗರು ಮೇಡಂಗಳ ಪಕ್ಕ ಕೂರಲು ಹಿಂಜರಿದರು. "ಕೂತ್ಕೊಳ್ಳಪ್ಪಾ," ಎಂದರು ಹೆಡ್‌ಮಿಸ್, "ನಲವತ್ತು ವರ್ಷ ಸೀಮೆಸುಣ್ಣದ ಪುಡಿ ಕುಡಿದವರು ನಾವು. ಇದೇನು ಮಹಾ."

ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದ್ದಾಯಿತು. ಐವತ್ತೈದು ಜನ, ಜೊತೆಗೆ ಉಳಿ ಸುತ್ತಿಗೆಯ ಚೀಲಗಳು. ಕ್ಯಾಬಿನ್ ಇರುವುದು ಮುಂದೆ. ಅಲ್ಲೇ ಹೆಚ್ಚು ಭಾರ ಬೇಕು. ಅವಳು ಕಲ್ಲುಕುಟಿಗರನ್ನು ಮುಂದಿನ ಸಾಲಿಗೆ ಕರೆದಳು, ಚಿತ್ರಕಲೆಯ ಮೇಡಂ ಅವರನ್ನು ಸಂಕೋಚದಿಂದ ಕರೆದಳು. ಆಮೇಲೆ ತಿರುಗಿ, "ಸಾರ್, ನೀವೂ ಮುಂದೆ ಬನ್ನಿ. ಕುರ್ಚಿ ಬೇಡ, ನೆಲದ ಮೇಲೆ ಕೂತ್ಕೊಳ್ಳಿ" ಎಂದಳು.

ಡೀಸೆಲ್ ನಾಲಿಗೆ ಕಚ್ಚಿಕೊಂಡ. ಪರೀಕ್ಷಕರು ಒಂದು ಗಳಿಗೆ ಅವಳನ್ನೇ ನೋಡಿದರು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು ಮೇಸ್ತ್ರಿಯ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು.

ಅವಳು ಮತ್ತೆ ಅಳತೆಯ ಕಂಬ ನೋಡಿದಳು. ಒಂದು ಸಲ ಸಾಲದೆಂದು ಮೂರು ಸಲ ನೋಡಿದಳು. ನೀರು ಮತ್ತೆ ಏರಿರಲಿಲ್ಲ. ಲಾಂಚ್ ಕೂತಿತ್ತು. ಲೆಕ್ಕಕ್ಕೆ ಒಂದು ಬೆರಳು ಉಳಿಯುತ್ತದೆ. ಸೇತುವೆಯ ಹತ್ತಿರ ಹೋಗಿ ಕಣ್ಣಿಂದ ನೋಡುವುದು, ಒಂದು ಬೆರಳಿಗಿಂತ ಕಡಿಮೆ ಕಂಡರೆ ಐಸ್ ಕಾರ್ಖಾನೆಯ ದಡಕ್ಕೆ ಕಟ್ಟಿ ಎಲ್ಲರನ್ನೂ ಇಳಿಸುವುದು, ಆಮೇಲೆ ಲೈಸೆನ್ಸ್ ಆಸೆ ಬಿಡುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದಳು. ತೀರ್ಮಾನವಾದ ಮೇಲೆ ಚುಕ್ಕಾಣಿ ಹಿಡಿದು, ಹಗ್ಗ ಬಿಚ್ಚಲು ಡೀಸೆಲ್‌ಗೆ ಹೇಳಿದಳು.

ಸೆಳೆತದ ಜೊತೆ ಹೋಗುವಾಗ ಲಾಂಚ್ ತಾನೇ ಓಡಲು ನೋಡುತ್ತದೆ; ಅದನ್ನು ಹಿಡಿದು ಹಿಡಿದು ತಂದಳು. ದಡದ ದೀಪಗಳು ಆಗಷ್ಟೇ ಹತ್ತುತ್ತಿದ್ದವು. ಸೇತುವೆಗೆ ಹತ್ತು ಮಾರು ಇರುವಾಗ ಇಂಜಿನ್ ಹಿಂದಕ್ಕೆ ಹಾಕಿಸಿ ಲಾಂಚನ್ನು ನೀರಿನ ಮೇಲೆ ನಿಲ್ಲಿಸಿದಳು. ಸೇತುವೆಯ ಕಂಬದ ಮೇಲೆ ನೀರಿನ ಮಟ್ಟ ತೋರಿಸುವ ಕಪ್ಪು ಗುರುತಿನ ಮೇಲೆ ಕಣ್ಣಿಟ್ಟಳು. ಕಮಾನಿನ ನೆತ್ತಿ, ಕ್ಯಾಬಿನ್ ಸೂರು, ನಡುವೆ ಆಕಾಶದ ಒಂದು ಎಳೆ. ಎಳೆ ಕಾಣುತ್ತಿತ್ತು. ಬೆರಳಿನಷ್ಟು ದಪ್ಪ ಇತ್ತು.

ಆಗ ಸೇತುವೆಯ ಕಟಕಟೆಯ ಮೇಲೆ ಯಾರೋ ಹೊಟ್ಟೆಯಡಿಯಾಗಿ ಮಲಗಿ ಕೆಳಗೆ ಇಣುಕುತ್ತಿರುವುದು ಕಂಡಿತು. ದೀಪದಲ್ಲಿ ಬೋಳುತಲೆ ಹೊಳೆಯಿತು. ಮಾವ! ಅಣೆಕಟ್ಟೆಯ ಸಂದೇಶ ನೋಡಿ ಜೆಟ್ಟಿಯಿಂದ ಓಡಿಬಂದಿರಬೇಕು. ಅವರು ಕೂಗಲಿಲ್ಲ, ಕೈ ಬೀಸಲಿಲ್ಲ. ಅವಳು ನೋಡಿದ್ದು ಗೊತ್ತಾಗುತ್ತಲೇ ತಲೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಎಲ್ಲರೂ ಕೂತಲ್ಲೇ ಇರಿ. ಯಾರೂ ಏಳಬೇಡಿ" ಎಂದಳು ಅವಳು.

ಕಮಾನಿನ ನೆರಳು ಮೊದಲು ಕಲ್ಲುಕುಟಿಗರ ಮೇಲೆ, ಆಮೇಲೆ ಅವಳ ಮೇಲೆ ಬಿತ್ತು. ಹಸಿ ಕಲ್ಲಿನ ವಾಸನೆ ಮೂಗಿಗೆ ಅಡರಿತು. ಸೂರು ತಮ್ಮ ತಲೆಗಿಂತ ಎಷ್ಟೋ ಮೇಲಿದ್ದರೂ ಐವತ್ತೈದು ತಲೆಗಳು ಒಟ್ಟಿಗೆ ಬಗ್ಗಿದವು. ಇಂಜಿನ್ ಸದ್ದು ಕಲ್ಲಿಗೆ ಬಡಿದು ದುಪ್ಪಟ್ಟಾಯಿತು. ಆ ಗದ್ದಲದಲ್ಲಿ ಅವಳು ಕಿವಿಯಿಟ್ಟು ಕೇಳುತ್ತಿದ್ದುದು ಬೇರೊಂದು ಸದ್ದನ್ನು. ಕರ್ ಎಂದು ಕಲ್ಲು ಕೆರೆಯುವ ಸದ್ದು. ಒಂದು ಉಸಿರು. ಎರಡು ಉಸಿರು. ಆ ಸದ್ದು ಬರಲಿಲ್ಲ. ಬೆಳಕು ಬಂತು.

"ದಾಟಿತಾ?" ಎಂದರು ಚಿತ್ರಕಲೆಯ ಮೇಡಂ, ಕಣ್ಣು ಮುಚ್ಚಿಕೊಂಡೇ.

"ದಾಟಿದ್ವಿ ಮೇಡಂ."

ಲಾಂಚಿನಲ್ಲಿ ಎದ್ದ ಚಪ್ಪಾಳೆಗೆ ದಡದ ಹಕ್ಕಿಗಳು ಹಾರಿದವು. ಮೇಸ್ತ್ರಿ ಪರೀಕ್ಷಕರ ಬೆನ್ನು ತಟ್ಟಿಬಿಟ್ಟ; ಅಂಗಿಯ ಮೇಲೆ ಐದು ಬೆರಳಿನ ಬಿಳಿ ಗುರುತು ಮೂಡಿತು. ಅವಳು ಕೈ ಬಿಡದೆ, ಅತ್ತಿತ್ತ ನೋಡದೆ ಲಾಂಚನ್ನು ಜೆಟ್ಟಿಗೆ ತಂದು ನಿಲ್ಲಿಸಿದಳು. ಏಳು ಹತ್ತೊಂಬತ್ತು.

ಎಲ್ಲರೂ ಇಳಿದ ಮೇಲೆ ಪರೀಕ್ಷಕರು ಹಾಳೆ ತುಂಬಿಸಿದರು. ಬರೆದರು, ಬರೆದರು, ಮುಗಿಯುವ ಲಕ್ಷಣವೇ ಕಾಣಲಿಲ್ಲ.

"ಸಾರ್," ಅವಳಿಗೆ ತಡೆಯಲಾಗಲಿಲ್ಲ, "ಏನು ಬರೆದ್ರಿ?"

"ನೀರು ನೋಡದೆ ಜನ ಇಳಿಸಿದ್ದನ್ನ ಬರೆದಿದೀನಿ. ಅದು ದೊಡ್ಡ ತಪ್ಪು. ತಪ್ಪನ್ನ ಮುಚ್ಚಿಡದೆ ಹೇಳಿದ್ದು, ಸೇತುವೆ ಮುಂದೆ ನಿಲ್ಲಿಸಿ ನೋಡಿದ್ದು, ಅದನ್ನೂ ಬರೆದಿದೀನಿ." ಎದ್ದು ಪ್ಯಾಂಟು ಕೊಡವಿಕೊಂಡರು, ಹಿಂದೆ ಅಂಗೈಯಗಲ ಎಣ್ಣೆ ಅಂಟಿತ್ತು. "ಇದನ್ನ ಮಾತ್ರ ಬರೆದಿಲ್ಲ. ಪಾಸು. ಇನ್ನು ಮುಂದೆ ಹಲಗೆ ಹತ್ತಿರ ಸುಳೀಬೇಡಿ."

ಅವರು ಹೋಗುವುದಕ್ಕೂ ಮಾವ ಏದುಸಿರು ಬಿಡುತ್ತ ಜೆಟ್ಟಿ ತಲುಪುವುದಕ್ಕೂ ಸರಿಹೋಯಿತು. ಅಂಗಿಯ ಮುಂಭಾಗವೆಲ್ಲ ಸೇತುವೆಯ ಪಾಚಿ. ಅವಳು ಹಾಳೆ ತೋರಿಸಿದಳು. ಕನ್ನಡಕ ಇಲ್ಲದೆ ಓದಲಾಗದೆ, "ಬಾಯಲ್ಲೇ ಹೇಳು" ಎಂದರು.

"ಪಾಸು ಮಾವ."

ಅವರು ಅಲ್ಲೇ ಗೂಟದ ಮೇಲೆ ಕುಳಿತುಬಿಟ್ಟರು.

"ಮೇಲಿಂದ ಎಷ್ಟು ಕಂಡಿತು?" ಎಂದು ಕೇಳಿದಳು.

"ಒಂದೂಕಾಲು ಬೆರಳು. ನಾನಾಗಿದ್ರೆ ಹೆದರಿ ಕೋಟೆಯಲ್ಲೇ ಕಟ್ಟಿಬಿಡ್ತಿದ್ದೆ." ಕಿಸೆಯಿಂದ ಅವಳ ಫೋನ್ ತೆಗೆದು ಕೊಟ್ಟರು. "ತಗೋ. ಮನೆಯಿಂದ ಹದಿಮೂರು ಸಲ ಬಂದಿದೆ. ನಾನು ಎತ್ತಲಿಲ್ಲ. ಏನಂತ ಹೇಳೋದು?"

ಅವಳು ಫೋನ್ ಮಾಡಿದಳು. ಒಂದು ಸದ್ದು ಪೂರ್ತಿಯಾಗುವ ಮೊದಲೇ ಮಗಳು ಎತ್ತಿದಳು.

"ಅಮ್ಮಾ, ಆಯ್ತಾ?"

"ಆಯ್ತು."

"ಆಯ್ತು ಅಂದ್ರೆ?"

"ಪಾಸು ಕಣೇ!"

ಆ ಕಡೆ ಕಿರುಚಾಟ ಎದ್ದಿತು. ಏನೋ ಠಣ್ ಎಂದು ಬಿದ್ದು ನೆಲದ ಮೇಲೆ ಗಿರಗಿರನೆ ತಿರುಗಿತು.

"ಏನೇ ಅದು ಬಿದ್ದಿದ್ದು?"

"ಅಜ್ಜಿ ಕೈಯಿಂದ ತಟ್ಟೆ. ಅಜ್ಜಿ ಅಳ್ತಾ ಇದಾರೆ. ಇಲ್ಲ, ನಗ್ತಾ ಇದಾರೆ. ಎರಡೂ ಮಾಡ್ತಾ ಇದಾರಮ್ಮ. ಬೇಗ ಬಾ."

"ಬಂದೆ" ಎಂದಳು. ಆದರೆ ತಕ್ಷಣ ಹೊರಡಲಿಲ್ಲ. ಚಪ್ಪಲಿ ಕಳಚಿ, ಜೆಟ್ಟಿಯ ಅಂಚಿನಲ್ಲಿ ಮಾವನ ಪಕ್ಕ ಕಾಲು ಇಳಿಬಿಟ್ಟು ಕುಳಿತಳು. ಏರಿದ ನೀರು ಪಾದಕ್ಕೆ ತಾಗುವಷ್ಟು ಹತ್ತಿರ ಬಂದಿತ್ತು, ತಣ್ಣಗಿತ್ತು.